ಕೊರಳಗಂಟೆ ಬಿಚ್ಚಿದ ಎತ್ತುಗಳು

ನಮ್ಮ ವಕೀಲರ ಬಲಗೈ ಹೆಬ್ಬೆರಳಿನ ತುದಿ ಯಾವಾಗಲೂ ನಶ್ಯದಿಂದ ಕಂದಾಗಿರುತ್ತಿತ್ತು. ಅವರು ಮುಟ್ಟಿದ ಕಾಗದದ ಮೂಲೆಯಲ್ಲೆಲ್ಲ ಅದರ ಗುರುತು. ಎಪ್ಪತ್ತರ ದಶಕದ ನಡುವೆ ನಾನು ಧಾರವಾಡದಲ್ಲಿ ಕಾನೂನು ಓದಿ, ಎಲ್ಲವನ್ನೂ ಅನುಮಾನಿಸುವ ಚಟ ಅಂಟಿಸಿಕೊಂಡು, ಸವದತ್ತಿಯಲ್ಲಿ ಅವರ ಕೈಕೆಳಗೆ ಸೇರಿದಾಗ ಅವರಿಗೆ ಅರವತ್ತು ದಾಟಿತ್ತು. ಅಥವಾ ದಣಿವಿನಿಂದ ಹಾಗೆ ಕಾಣುತ್ತಿದ್ದರೋ ಏನೋ.

ಅಪರಾಧಕ್ಕೆ ಕುಮ್ಮಕ್ಕು ಎಂದರೇನೆಂದು ನಾನು ಪುಸ್ತಕದ ವ್ಯಾಖ್ಯೆ ಒಪ್ಪಿಸಿದರೆ ಕಣ್ಣು ಮುಚ್ಚಿ ಕೇಳುತ್ತಿದ್ದರು. "ಹಗ್ಗಾ ಕೊಟ್ಟಾಂವ ತಪ್ಪುಗಾರ ಅಲ್ಲ ತಮ್ಮಾ. ಯಾತಕ್ಕಂತ ಗೊತ್ತಿದ್ದು ಕೊಟ್ಟಾಂವ ತಪ್ಪುಗಾರ. ಇದನ್ನ ಕಲೀಲಿಕ್ಕೆ ಇಷ್ಟು ವರ್ಷ ಬೇಕಾತೇನು?"

ಯರಗಟ್ಟಿ ಕಡೆಯ ಒಬ್ಬ ರೈತನ ಮೇಲೆ ಅದೇ ಆರೋಪ ಬಂತು. ಅವನ ಎತ್ತು, ಗಾಡಿ ಎರವಲು ಒಯ್ದ ನೆರೆಯವನು ವ್ಯಾಪಾರಿಯೊಬ್ಬನ ವಖಾರದಿಂದ ನಸುಕಿನಲ್ಲಿ ಹತ್ತಿ ಕದ್ದು ಸಾಗಿಸಿದ್ದ. ಕಳವಿಗೆಂದು ತಿಳಿದೇ ಗಾಡಿ ಕೊಟ್ಟನೆಂದು ಸಾಬೀತಾದರೆ ರೈತನಿಗೂ ಜೈಲು. ಅವನು ಒಳಗಾದರೆ ಹೊಲ ಬಿತ್ತಲು ಮನೆಯಲ್ಲಿ ಇನ್ನೊಬ್ಬ ಗಂಡಸಿರಲಿಲ್ಲ.

ಕಚೇರಿಯಲ್ಲಿ ಕುಳಿತು ಅವನು ಹೇಳಿದ: "ಹೊಂಟಾಂವಗ ಎಲ್ಲಿಗೆ ಅಂತ ಕೇಳಿದ್ರ ಅಪಶಕುನಲ್ರಿ ಸಾಹೇಬ್ರ, ಕೇಳಲಿಲ್ಲ. ಸಪ್ಪಳಾಗಬಾರದು ಅಂದಾ, ಕೊರಳಗಂಟಿ ನಾನ ಬಿಚ್ಚಿ ಕೊಟ್ಟೇನ್ರಿ."

ನನ್ನ ಪೆನ್ನು ನಿಂತಿತು. ವಕೀಲರು ಚಿಟಿಕೆ ನಶ್ಯ ಏರಿಸಿ, ಸೀನಿ, ನೀರು ಕುಡಿದು ಬಾ ಎಂದು ಅವನನ್ನು ಹೊರಗೆ ಕಳಿಸಿದರು. ಆಮೇಲೆ ನನ್ನ ಕಡೆ ನೋಡದೆಯೇ, "ಗಂಟಿ ಮಾತು ಬರಕೋಬ್ಯಾಡ" ಎಂದರು.

ಕೋರ್ಟಿನಲ್ಲಿ ಸರಕಾರಿ ವಕೀಲರು, ಗಾಡಿ ಎಲ್ಲಿಗೆಂದು ಒಂದು ಮಾತೂ ಕೇಳದೆ ಕೊಟ್ಟದ್ದನ್ನು ನಂಬುವುದು ಹೇಗೆ ಎಂದರು. ನಮ್ಮವರು ನಿಧಾನ ಎದ್ದರು. "ಇವತ್ತ ನೀವು ಮನಿ ಬಿಡೂಮುಂದ ಯಾರರೆ ಎಲ್ಲಿಗೆ ಅಂದ್ರೇನ್ರಿ? ದೂರ ಹೊಂಟ್ರೇನ್ರಿ ಅಂದಿರತಾರ." ಇಡೀ ಕೋರ್ಟು ನಕ್ಕಿತು. ಆ ಸೀಮೆಯವರೇ ಆದ ನ್ಯಾಯಾಧೀಶರೂ ತಲೆ ತಗ್ಗಿಸಿ ನಕ್ಕರು. ಗಂಟೆಯ ಬಗ್ಗೆ ಯಾರೂ ಕೇಳಲಿಲ್ಲ. ರೈತ ಬಿಡುಗಡೆಯಾಗಿ ಊರಿನ ಬಸ್ಸು ಹತ್ತಿದ.

ಆಮೇಲೆ ವಕೀಲರು ಕಳವಿನ ಖಟ್ಲೆ ಹಿಡಿಯಲಿಲ್ಲ ಎಂದು ನಾನು ಹೇಳುತ್ತ ಬಂದಿದ್ದೇನೆ. ನಿಜವಾಗಿ ಒಂದೆರಡು ಹಿಡಿದಿರಲೂಬಹುದು. ನನ್ನ ಆಗಿನ ಟಿಪ್ಪಣಿ ಪುಸ್ತಕ ಈಗಲೂ ಇದೆ. ಆ ದಿನದ ಪುಟದಲ್ಲಿ ಗಂಟೆಯ ಮಾತಿಲ್ಲ. ಮೂಲೆಯಲ್ಲಿ ಒಂದು ಕಂದು ಗುರುತಿದೆ. ನಶ್ಯದ್ದೋ, ಹಳೆಯ ಕಾಗದದ ಕಲೆಯೋ, ಆಣೆ ಮಾಡಿ ಹೇಳಲಾರೆ.

ಎರಡು ವರ್ಷಗಳ ಮೇಲೆ ಅವರು ಹಾಸಿಗೆ ಹಿಡಿದಾಗ ನೋಡಲು ಹೋಗಿದ್ದೆ. ಹೆಬ್ಬೆರಳು ಬೆಳ್ಳಗಾಗಿತ್ತು.

"ಆವತ್ತ ಅಂವ ಗಂಟಿ ಬಗ್ಗೆ ಏನಂದಿದ್ದಾ, ನೆನಪೈತೇನು ತಮ್ಮಾ?"

"ಏನೂ ಅಂದಿಲ್ರಿ ಸಾಹೇಬ್ರ," ಎಂದೆ.

"ನೀನೂ ವಕೀಲ ಆದಿ ಬಿಡು" ಎಂದು ಗೋಡೆಯ ಕಡೆ ಹೊರಳಿದರು. ಆ ವಾರವೇ ತೀರಿಕೊಂಡರು.

ಉಳಿದದ್ದೆಲ್ಲ ನಾನೇ ಕಟ್ಟಿಕೊಂಡದ್ದಿರಬಹುದು. ಆ ಉತ್ತರವನ್ನು ಮಾತ್ರ ಯಾತಕ್ಕೆಂದು ಗೊತ್ತಿದ್ದೇ ಕೊಟ್ಟಿದ್ದೆ.