ವರದಿ ಬಾರದ ವಾರ, ಜಂಗಮಕೋಟೆಯಲ್ಲಿ

ಬೆಂಗಳೂರಿನ ಆಸ್ಪತ್ರೆಯಿಂದ ನಾವು ಹೊರಬಿದ್ದಾಗ ಬಿಸಿಲೇರಿತ್ತು. ನನ್ನ ಹೆಂಡತಿ ರತ್ನಳ ಎದೆಯ ಕ್ಯಾನ್ಸರ್ ಗೆಡ್ಡೆ ತೆಗೆದು ತಿಂಗಳಾಗಿತ್ತು. ಅದು ಕಂಕುಳಿನ ಗ್ರಂಥಿಗಳಿಗೂ ಹರಡಿದೆಯೇ ಎಂಬ ಪರೀಕ್ಷೆಯ ವರದಿ ಮಾತ್ರ ಇನ್ನೂ ಬಂದಿರಲಿಲ್ಲ. "ಸೋಮವಾರ ಬನ್ನಿ" ಎಂದು ಮತ್ತೆ ಹೇಳಿ ಕಳಿಸಿದ್ದರು.

"ಲಾಡ್ಜಿನ ಗೋಡೆ ನೋಡ್ಕೊಂಡು ನಾನಿರಲ್ಲ ಕಣ್ರೀ. ಅಮ್ಮನ ಮನೇಲಿ ರೇಷ್ಮೆಹುಳ ಹಣ್ಣಾಗೋ ಹೊತ್ತು. ಹೋಗಣ ನಡೀರಿ," ಎಂದಳು.

ಪುಟ್ಟ ರೈಲು ಯಲಹಂಕ, ದೇವನಹಳ್ಳಿ ದಾಟಿ ತೆವಳಿತು. ಕಿಟಕಿಯಾಚೆ ನಂದಿಬೆಟ್ಟವಿದ್ದರೂ ನನಗೆ ಕಾಣುತ್ತಿದ್ದದ್ದು ಮೊದಲ ದಿನ ರೋಗದ ಹೆಸರು ಹೇಳುವ ಮುನ್ನ ಡಾಕ್ಟರು ಬಾಗಿಲು ಮುಚ್ಚಿ ಬಂದದ್ದು. ರತ್ನ ಎದುರಿನ ಅಜ್ಜಿಯ ಜೊತೆ ಕಡಲೆಕಾಯಿ ಬಿಡಿಸುತ್ತಿದ್ದಳು.

"ನಿಮ್ಮ ಯಜಮಾನ್ರು ಮಾತಾಡಲ್ವೇನಮ್ಮಾ?" ಎಂದಿತು ಅಜ್ಜಿ.

"ಮೇಷ್ಟ್ರಲ್ವಾ ಅಜ್ಜಿ, ಮಾತೆಲ್ಲ ಸ್ಕೂಲಲ್ಲೇ ಖರ್ಚಾಗೋಗುತ್ತೆ!"

ಚಿಕ್ಕಬಳ್ಳಾಪುರದಲ್ಲಿ ಕಾಫಿ ಕುಡಿದೆವು. ಶಿಡ್ಲಘಟ್ಟದಲ್ಲಿ ಇಳಿದಾಗ ಬಸ್ಸು ಹೋಗಿಬಿಟ್ಟಿತ್ತು. ಜಟಕಾ ಹಿಡಿದು ಹಿಪ್ಪುನೇರಳೆ ತೋಟಗಳ ನಡುವೆ ಜಂಗಮಕೋಟೆ ಸೇರಿದೆವು.

ಬಾಗಿಲಲ್ಲೇ ಅತ್ತೆ ಮೂಗು ಮುಚ್ಚಿಕೊಂಡರು. "ಅಯ್ಯೋ, ಫಿನಾಯಿಲ್ ವಾಸನೆ! ಹುಳಕ್ಕಾಗಲ್ಲ. ಇಬ್ರೂ ಸ್ನಾನ ಮಾಡಿ."

ಇಬ್ಬರೂ ಮಾಡಿದೆವು. ಆಮೇಲೆ ನಾನು ಆಸ್ಪತ್ರೆಗೆ ಹಾಕಿಕೊಂಡು ಹೋಗಿದ್ದ ಅದೇ ಕೋಟು ತೊಟ್ಟು ಹುಳದ ಮನೆಗೆ ನುಗ್ಗಿದೆ.

"ಅಳಿಯಂದ್ರೇ, ಕೋಟು ಆಚೆಗೆ! ಅದರ ಜೊತೆ ನೀವೂ!"

ಹೊರಗಿನ ಕಿಟಕಿಯಲ್ಲಿ ನಿಂತು ನೋಡಿದೆ. ಹಣ್ಣಾದ ಹುಳ ಸೊಪ್ಪು ಬಿಟ್ಟು ಗೂಡು ಕಟ್ಟಲು ತಲೆಯೆತ್ತುತ್ತಿದ್ದವು. ತಡಮಾಡದೆ ಆರಿಸಿ, ಸುತ್ತುಸುತ್ತಾಗಿ ಹೆಣೆದ ಬಿದಿರಿನ ತಟ್ಟಿಗೆ, ಚಂದ್ರಿಕೆಗೆ, ಬಿಡಬೇಕಿತ್ತು. ರೋಗದ ಮಾತಿಗೆ ಯಾರಿಗೂ ಪುರುಸೊತ್ತಿರಲಿಲ್ಲ.

"ರತ್ನಾ, ಈ ಹುಳದ ತಟ್ಟೆ ನಿಂದು ಕಣೇ. ಮೈಗಳ್ಳತನ ಮಾಡಿದ್ರೆ ಮುದ್ದೆ ಇಲ್ಲ!" ಎಂದು ಅವಳ ಅತ್ತಿಗೆ ಕೂಗಿದಳು.

ಆಪರೇಷನ್ ಆದಮೇಲೆ ರತ್ನಳಿಗೆ ಆ ಬದಿಯ ಕೈಯೆತ್ತಿ ತಲೆ ಬಾಚಿಕೊಳ್ಳಲೂ ಆಗುತ್ತಿರಲಿಲ್ಲ. ಈಗ ಮಾತಾಡುತ್ತ, ನಗುತ್ತ, ಗೋಡೆಗೆ ಒರಗಿಸಿದ್ದ ಚಂದ್ರಿಕೆಯ ಕೆಳಸುತ್ತು ತುಂಬಿದಳು, ನಡುಸುತ್ತು ತುಂಬಿದಳು. ಕೊನೆಗೆ ಮೇಲುಸುತ್ತಿಗೆ ಬಂದಾಗ ಅದೇ ಕೈ ತಲೆಗಿಂತ ಮೇಲೆ ಹೋಗಿತ್ತು. ಅವಳೇ ಅದನ್ನು ಬೆರಗಿನಿಂದ ನೋಡಿದಳು.

"ರೀ, ನೋಡಿದ್ರಾ!"

"ನೋಡ್ದೆ ಕಣೇ!" ನನ್ನ ಕೂಗಿಗೆ ಅತ್ತೆ ಇನ್ನೊಮ್ಮೆ ಗದರಿದರು. ಆ ರಾತ್ರಿ ಮುದ್ದೆ, ಅವರೆಕಾಳು ಸಾರು ಉಂಡು ಅವಳು ಗೊರಕೆ ಹೊಡೆದಳು. ನನ್ನ ಕಣ್ಣ ಮುಂದೆ ಮಾತ್ರ ಡಾಕ್ಟರು ಮುಚ್ಚಿದ ಅದೇ ಬಾಗಿಲು.

ಸೋಮವಾರ ಆಸ್ಪತ್ರೆಯಲ್ಲಿ ವರದಿ ಬಂದಿತ್ತು. ಡಾಕ್ಟರು ಓದಿ, "ಗ್ರಂಥಿಗಳಲ್ಲಿ ಏನೂ ಇಲ್ಲಮ್ಮ. ಹರಡಿಲ್ಲ," ಎಂದರು.

ಹೊರಗೆ ಬಂದವನೇ ಮೆಟ್ಟಿಲ ಮೇಲೆ ಕುಸಿದು ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ. ನರ್ಸಮ್ಮ ನೀರು ತಂದು, "ಪೇಷೆಂಟ್ ಇವರೇನಾ?" ಎಂದರು.

ರತ್ನ ಸೆರಗು ಬಾಯಿಗೊತ್ತಿ ನಗುತ್ತಿದ್ದಳು. "ಬೇಗ ಏಳ್ರೀ, ನಿಮ್ಮನ್ನೇ ಅಡ್ಮಿಟ್ ಮಾಡ್ಕೊಂಬಿಡ್ತಾರೆ!"