ಬಿಳಿಕುದುರೆಯ ಮೂರನೇ ಭಾಗ

ಕುರಿ ಕಾಯುವ ಕಾಟಪ್ಪನಿಗೆ ಮನುಷ್ಯರ ಮುಖ ನೆನಪಿನಲ್ಲಿ ನಿಲ್ಲುತ್ತಿರಲಿಲ್ಲ. ಹಿರಿಯೂರು ಸಂತೆಯಲ್ಲಿ ಸ್ವಂತ ಬೀಗರೇ ಎದುರು ಬಂದು ನಿಂತಾಗ, “ಯಾವೂರಾತು ಯಜಮಾನ್ರದ್ದು?” ಎಂದು ಕೇಳಿ ಮನೆಯವರ ಮಾನ ಕಳೆದಿದ್ದ. ಅದೇ, ಎಂದೋ ಮಾರಿದ ಕುರಿ ಬೇರೆಯವರ ಮಂದೆಯಲ್ಲಿ ಕಂಡರೆ ದೂರದಿಂದಲೇ ಹೆಸರು ಹಿಡಿದು ಕರೆಯುತ್ತಿದ್ದ. ನಾನು ಅವರ ಪಕ್ಕದ ಮನೆಯವಳು, ಅವನ ಅಕ್ಕ ಓಬಕ್ಕನ ವಾರಿಗೆಯವಳು. ಆ ಮನೆಯ ಒಲೆ ಎಷ್ಟು ಹೊತ್ತಿಗೆ ಹತ್ತುತ್ತಿತ್ತು ಎನ್ನುವುದೂ ನನಗೆ ಗೊತ್ತು. ಅದಕ್ಕೇ ಈ ಕತೆ ಹೇಳುವ ಹಕ್ಕು ನನಗಿದೆ ಅಂದುಕೊಂಡಿದ್ದೇನೆ.

ನಾವು ಚಿಕ್ಕವರಿದ್ದಾಗ ನಮ್ಮ ಹಟ್ಟಿಗೆ ಹತ್ತಿರದ ಜವನಗೊಂಡನಹಳ್ಳಿಗೆ ಟೆಂಟ್ ಸಿನಿಮಾ ಬರುತ್ತಿತ್ತು. ಒಬ್ಬ ಮುಸುಕಿನ ಸವಾರ, ಅವನಿಗೊಂದು ಬಿಳಿ ಕುದುರೆ, ಮೂರು ಭಾಗದ ಹಿಂದಿ ಚಿತ್ರ. ಅದರ ಹೆಸರು ನಮ್ಮ ನಾಲಿಗೆಗೆ ಹೊರಳುತ್ತಿರಲಿಲ್ಲ, ಒಂದನೇ ಬಿಳಿಕುದುರೆ, ಎರಡನೇ ಬಿಳಿಕುದುರೆ ಎಂದು ಕರೆದೆವು. ಮಾತು ಒಂದಕ್ಷರ ತಿಳಿಯದಿದ್ದರೇನು, ಕುದುರೆ ಓಡುವುದಕ್ಕೆ ಭಾಷೆ ಬೇಕೇ? ಉಳಿದ ಹುಡುಗರಿಗೆಲ್ಲ ಸವಾರನಾಗುವ ಆಸೆ. ಕಾಟಪ್ಪನ ಜೀವವೆಲ್ಲ ಕುದುರೆಯ ಮೇಲೆ. ಎರಡನೇ ಭಾಗದ ಕೊನೆಯಲ್ಲಿ ಕಳ್ಳರು ಅದನ್ನು ಹಿಡಿದು ಕಟ್ಟಿಹಾಕಿದಾಗ ಅವನು ದಾರಿಯುದ್ದಕ್ಕೂ ಅತ್ತುಕೊಂಡು ಬಂದ.

ಮೂರನೇ ಭಾಗ ಬಂದಾಗ ಅವನು ಊರಲ್ಲಿರಲಿಲ್ಲ. ಅಪ್ಪನ ಜೊತೆ ಹರಿಹರದ ಕಡೆಯ ಗದ್ದೆಗಳಿಗೆ ಮಂದೆ ಹಾಕಲು ಹೋಗಿದ್ದ. ರಾತ್ರಿ ಗದ್ದೆಯಲ್ಲಿ ಕುರಿ ತರುಬಿ ಮಲಗಿಸಿದರೆ ಭೂಮಿಗೆ ಗೊಬ್ಬರ, ಕುರಿಯವರಿಗೆ ಕಾಳು. ನಮ್ಮವರ ಬದುಕು ನಡೆದದ್ದೇ ಹಾಗೆ. ಹಟ್ಟಿಯ ಹುಡುಗರೆಲ್ಲ ಮಂದೆಗಳ ಹಿಂದೆ ಹೋಗಿದ್ದರಿಂದ ಓಬಕ್ಕ, ನಾನು ಇಬ್ಬರೇ ಹೋಗಿ ಸಿನಿಮಾ ನೋಡಿದೆವು. ಕೊನೆಯಲ್ಲಿ ಸವಾರನನ್ನು ಉಳಿಸಲು ಹೋಗಿ ಕುದುರೆ ಕಣಿವೆಗೆ ಬಿದ್ದು ಸತ್ತಿತು. ಅದಾದ ಸ್ವಲ್ಪ ದಿನಕ್ಕೆ ಅವರ ಅವ್ವ ಜ್ವರ ಬಂದು ಮಲಗಿದವಳು ಏಳಲೇ ಇಲ್ಲ. ದಿನಕ್ಕೊಂದು ಗದ್ದೆಗೆ ಅಲೆಯುವ ಮಂದೆಗೆ ಸುದ್ದಿ ಮುಟ್ಟಿಸುವುದು ಹೇಗೆ? ಅಪ್ಪ ಮಗ ಮನೆ ಸೇರುವಾಗ ಎಲ್ಲ ಮುಗಿದಿತ್ತು.

ಕಾಟಪ್ಪ ಅಳಲಿಲ್ಲ, ಉಣ್ಣಲಿಲ್ಲ. ಕುರಿ ಕೂಡುವ ರೊಪ್ಪದ ಬೇಲಿಗೆ ಒರಗಿ ಕುಂತುಬಿಟ್ಟ. “ಅವ್ವ ಸಾಯಾಗ ನಿನ್ ಹೆಸರೇ ಕರೀತಿದ್ಲು ಕಣಪ್ಪ,” ಎಂದು ಓಬಕ್ಕ ಹೇಳಿದಳು. ಅದು ದಿಟ, ನನ್ನ ಕಿವಿಯಾರೆ ಕೇಳಿದ್ದೆ. ಅವನು ತಲೆ ಎತ್ತಿ, “ಅಕ್ಕಾ, ಕುದುರೆ ಏನಾತು?” ಎಂದ.

ಓಬಕ್ಕ ನನ್ನ ಮುಖ ನೋಡಿದಳು. “ಬದುಕೈತೆ. ಎಲ್ಲಾರ್ನೂ ತಪ್ಪಿಸ್ಕಂಡು ನಮ್ ಜೋಗಿಮಟ್ಟಿ ಕಾಡು ಸೇರ್ಕಂಡೈತೆ,” ಎಂದಳು.

ಆಗ ಹುಡುಗ ಹೋ ಎಂದು ಅತ್ತ. ಅತ್ತು ಸಾಕಾದ ಮೇಲೆ ಅಕ್ಕ ಕೊಟ್ಟ ಮುದ್ದೆ ಉಂಡ. ನನ್ನ ಬಾಯಿಗೆ ಬೀಗವಿಲ್ಲವೆಂದು ಊರೇ ಆಡಿಕೊಳ್ಳುತ್ತದೆ. ಆದರೆ ಆ ವಿಷಯವನ್ನು ನಾನು ಯಾರಿಗೂ ಹೇಳಲಿಲ್ಲ.

ಮುಂದೆ ಜೋಗಿಮಟ್ಟಿಯ ಅಂಚಿನಲ್ಲಿ ಮಂದೆ ಸಾಗುವಾಗಲೆಲ್ಲ ಅವನ ಕಂಬಳಿಯ ಗಂಟಿನಲ್ಲಿ ಒಂದು ಉಂಡೆ ಬೆಲ್ಲ ಇರುತ್ತಿತ್ತು. ಮೀಸೆ ಬಂದರೂ, ಮಕ್ಕಳಾದರೂ ಇರುತ್ತಿತ್ತು. “ಕುದುರೆಗೇನಪ್ಪ?” ಎಂದು ನಾನು ಕಾಡಿಸಿದರೆ ನಕ್ಕುಬಿಡುತ್ತಿದ್ದ.

ಎಪ್ಪತ್ತನಾಲ್ಕನೇ ಇಸವಿಯಲ್ಲಿ ಹಿರಿಯೂರಿಗೆ ಬಂದ ಟೆಂಟಿನವರು ಅದೇ ಹಳೆಯ ಚಿತ್ರವನ್ನು ವಾರಕ್ಕೊಂದು ಭಾಗದಂತೆ ಹಾಕಿದರು. ಕಾಟಪ್ಪ ಮೊದಲೆರಡನ್ನು ನೋಡಿ ಬಂದು ಹಟ್ಟಿಯಲ್ಲೆಲ್ಲ ಕುಣಿದಾಡಿದ. ಓಬಕ್ಕನಿಗೆ ಮಾತ್ರ ಅನ್ನ ಸೇರದು.

“ಮೂರನೇದು ನೋಡಿದ್ರೆ ನಾನು ಸುಳ್ಳಿ ಅಂತ ಗೊತ್ತಾಗ್ತೈತೆ ಕಣೆ,” ಎಂದಳು ನನಗೆ. “ಕುದುರೆ ಹೋದ್ರೆ ಹೋಗ್ಲಿ. ಅವ್ವ ಕರೆದಿದ್ದೂ ಸುಳ್ಳೇ ಅನ್ಕಂಡ್ರೆ? ಅವ್ನಿಗೆ ಅವ್ವಂದು ಅಂತ ಉಳಿದಿರಾದು ಅದೊಂದು ಮಾತು.”

ಅವನನ್ನು ತಡೆಯಲಾಗದೆ ಅವಳೂ ಹೊರಟಳು, ನಾನೂ ಹೊರಟೆ. ಟೆಂಟಿನ ನೆಲದಲ್ಲಿ ಹೆಂಗಸರೊಂದು ಕಡೆ, ಗಂಡಸರೊಂದು ಕಡೆ, ನಡುವೆ ಹಗ್ಗ. ಕಾಟಪ್ಪ ಹಗ್ಗಕ್ಕೆ ಅಂಟಿಕೊಂಡೇ ನಮ್ಮ ಪಕ್ಕ ಕುಂತ. ಕುದುರೆ ಕಾಣಿಸಿದ್ದೇ ತಡ, “ಅಕ್ಕಾ, ನೋಡು, ಎಡಗಿವಿ ತುದಿ ಮುಕ್ಕು! ಅದೇ ಕುದುರೆ!” ಎಂದು ಕೂಗಿದ. ಹಿಂದಿನವರು ಬೈದರು. ಇಂಟರ್‌ವಲ್ ದೀಪ ಹತ್ತಿದಾಗ ಓಬಕ್ಕ, “ತಲೆ ಸಿಡೀತೈತೆ ಕಣಲೇ, ಮನೆಗೆ ಹೋಗಾಣ,” ಎಂದಳು. “ಕಾಡಿಗೆ ಹೋಗಾದು ನೋಡ್ಬೇಕಲ್ಲಕ್ಕ, ಇನ್ನೇನು ಬಂತು,” ಎಂದ.

ಕುದುರೆ ಕಣಿವೆಗೆ ಬಿತ್ತು. ಓಬಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ದೀಪ ಹತ್ತಿ ಜನ ಎದ್ದರೂ ಅವಳು ಸೆರಗು ತೆಗೆಯಲಿಲ್ಲ.

ಕಾಟಪ್ಪ ಹಗ್ಗದ ಮೇಲಿಂದ ಬಗ್ಗಿದ. ಅವನ ಕಣ್ಣು ಒದ್ದೆಯಾಗಿತ್ತು.

“ಯಾಕಕ್ಕ ಅಳ್ತೀಯ? ಇವ್ರು ಯಾರಿಗೆ ಟೋಪಿ ಹಾಕ್ತಾರೆ! ಬಿದ್ದಿದ್ದು ಬೇರೆ ಕುದುರೆ. ಎರಡೂ ಕಿವಿ ನೆಟ್ಟಗವೆ ಅದಕ್ಕೆ.”

ಆ ದೃಶ್ಯವನ್ನು ನಾನು ಎರಡು ಸಲ ನೋಡಿದ್ದೇನೆ. ಧೂಳು ಬಿಟ್ಟರೆ ನನಗೇನೂ ಕಂಡಿಲ್ಲ.

ಓಬಕ್ಕ ಸೆರಗು ಸರಿಸಿದಳು. “ದಿಟವಾಗ್ಲೂ?”

“ಕುರಿ ಕಾಯೋನ್ಗೆ ಅಷ್ಟೂ ಗೊತ್ತಾಗಲ್ವಾ? ಅವತ್ತು ನೀನು ಹೇಳಿದ್ದೆಲ್ಲಾ ದಿಟ.” ಕಂಬಳಿಯ ಗಂಟು ಬಿಚ್ಚಿ, ಬೆಲ್ಲ ಮುರಿದು ಅರ್ಧವನ್ನು ಅಕ್ಕನ ಅಂಗೈಗೆ ಇಟ್ಟ.

“ಎಲ್ಲಾನಾ?” ಎಂದಳು ಓಬಕ್ಕ.

“ಎಲ್ಲಾ ಕಣಕ್ಕ. ಅವ್ವ ನನ್ನ ಕರೆದಿದ್ದೂ.”