ಉಡಿಯಲ್ಲಿ ಬಂದ ರಿವಾಲ್ವರ್

ರಿವಾಲ್ವರ್ ಕೊಳ್ಳಲು ಹೋದ ನನ್ನನ್ನು ಉಗಾರ ಬುದ್ರುಕದ ಆ ಮನೆಯವರು ಹೆಣ್ಣು ಕೇಳಲು ಬಂದ ಬೀಗರನ್ನು ವಿಚಾರಿಸುವ ಹಾಗೆ ವಿಚಾರಿಸಿದರು. ಮೊದಲು ನೀರು ಬಂತು, ಆಮೇಲೆ ಅವಲಕ್ಕಿ ಬಂತು, ಆಮೇಲೆ ಪ್ರಶ್ನೆಗಳು ಶುರುವಾದವು. ಮನೆಯ ಯಜಮಾನರು ಕಾರ್ಖಾನೆಯೊಂದರಲ್ಲಿ ಕಾವಲು ವಿಭಾಗದ ಮುಖ್ಯಸ್ಥರಾಗಿದ್ದು ನಿವೃತ್ತರಾದವರು. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ದೂರದ ಮನುಷ್ಯನ ಮುಖ ಗುರುತು ಸಿಗದವನ ಹತ್ತಿರ ಇಂಥ ವಸ್ತು ಇರಬಾರದು ಎಂದು ತಾವೇ ತೀರ್ಮಾನಿಸಿ ಮಾರಲು ಹೊರಟಿದ್ದರು. ನನಗಿಂತ ಮೊದಲು ಬಂದಿದ್ದ ಒಬ್ಬ ಗಿರಾಕಿ ನಾಲ್ವರು ಗೆಳೆಯರನ್ನು ಕಟ್ಟಿಕೊಂಡು ಬಂದು, ಸದ್ದು ಎಷ್ಟು ಜೋರು ಬರುತ್ತದೆ ಎಂದು ಕೇಳಿದನಂತೆ. ಅವನಿಗೆ ಅವಲಕ್ಕಿಯನ್ನೂ ಕೊಡದೆ ಕಳಿಸಿದ್ದರು.

"ಮನ್ಯಾಗ ಯಾರ‍್ಯಾರ ಅದೀರಿ?"

"ನಾ ಒಬ್ಬಾಕಿನ ರೀ. ಮಗಳು ಲಗ್ನಾಗಿ ನಿಪ್ಪಾಣ್ಯಾಗ ಅದಾಳ."

"ಕುಡಿಯಾವರು ಯಾರರೆ?"

"ನಾನ ಕುಡಿತೀನ್ರಿ, ಚಾ."

ಅವರು ನಗಲಿಲ್ಲ. "ಸಿಟ್ಟ ಬರ್ತೈತೇನ್ರಿ?"

ಸುಳ್ಳು ಹೇಳೋಣ ಅನಿಸಿತು. ಆದರೆ ನನ್ನ ಮುಖ ನೋಡಿದರೆ ಯಾರಿಗಾದರೂ ಗೊತ್ತಾಗುತ್ತದೆ. "ಬರ್ತೈತ್ರಿ. ಲಗೂ ಬರ್ತೈತಿ, ಲಗೂ ಹೋಗ್ತೈತಿ."

"ಎಷ್ಟ ಲಗೂ ಹೋಗ್ತೈತಿ?"

"ಒಂದ ಕಪ್ ಚಾ ಕುಡಿಯೂದ್ರಾಗ."

"ಹಂಗಾದ್ರ ಸಿಟ್ಟ ಬಂದಾಗ ಮೊದಲ ಚಾಕ್ಕ ಇಡ್ರಿ. ಕಪಾಟಿನ ಕೀಲಿ ಆಮ್ಯಾಲ ಹುಡುಕ್ರಿ" ಎಂದರು. ಆಗ ನಕ್ಕರು. ನಾನು ಪಾಸಾಗಿದ್ದೆ.

ನನಗೆ ಅದು ಯಾಕೆ ಬೇಕಾಗಿತ್ತು ಅಂದರೆ, ಐಗಳಿಯಲ್ಲಿ ನಮ್ಮದು ಐದು ಎಕರೆ ದ್ರಾಕ್ಷಿ. ಬಳ್ಳಿ ನೆಟ್ಟವರು ನಾನು ಮತ್ತು ನನ್ನ ಗಂಡ. ಹಣ್ಣನ್ನು ಹೊಲದಲ್ಲೇ ಶೆಡ್ಡಿನ ಬಲೆಗಳ ಮೇಲೆ ಹರಡಿ ಒಣದ್ರಾಕ್ಷಿ ಮಾಡುತ್ತೇವೆ. ಆ ಸುಗ್ಗಿಯಲ್ಲಿ ಯಾರಾದರೂ ಶೆಡ್ಡಿನಲ್ಲೇ ಇರಬೇಕು, ಇಲ್ಲವಾದರೆ ಬೆಳಗಾಗುವುದರಲ್ಲಿ ಮಾಲು ಮಾಯ. ಗಂಡ ತೀರಿಕೊಂಡ ವರ್ಷದಿಂದ ಮೈದುನ ಪ್ರತಿ ಸುಗ್ಗಿಗೂ ಲಾವಣಿ ಪತ್ರ, ಅಂದರೆ ಗೇಣಿಯ ಕರಾರು, ಹಿಡಿದು ಬರುತ್ತಿದ್ದ. ಹೊಲ ತನಗೆ ಗೇಣಿಗೆ ಬರೆದುಕೊಡಬೇಕು, ನಾನು ಮನೆಯಲ್ಲಿ ಆರಾಮಾಗಿ ಕೂರಬೇಕು ಅಂತ ಅವನ ವಿಚಾರ. "ವೈನಿ, ಶೆಡ್ಡಿನ್ಯಾಗ ಮಲಗೂದು ಹೆಣಮಕ್ಕಳ ಕೆಲಸಲ್ರಿ" ಎನ್ನುತ್ತಿದ್ದ. ಕೆಟ್ಟವನಲ್ಲ. ಆದರೆ ಒಮ್ಮೆ ಸಹಿ ಹಾಕಿದರೆ ಆ ಬಳ್ಳಿಗಳ ಕೆಳಗೆ ನಾನು ನೆಂಟಳಾಗಿ ಹೋಗಬೇಕಾಗುತ್ತಿತ್ತು. ನಿಜ ಹೇಳಬೇಕೆಂದರೆ ಶೆಡ್ಡಿನಲ್ಲಿ ಒಬ್ಬಳೇ ಇರಲು ನನಗೂ ಅಂಜಿಕೆ ಇತ್ತು. ಅದಕ್ಕೇ ತರಬೇತಿ ಮುಗಿಸಿ, ಬೆಳಗಾವಿಗೆ ಎಷ್ಟೋ ಸಲ ಅಡ್ಡಾಡಿ ಲೈಸೆನ್ಸ್ ಮಾಡಿಸಿದೆ.

ಇಬ್ಬರ ಲೈಸೆನ್ಸ್ ಪುಸ್ತಕ, ಮಾರಾಟದ ಅನುಮತಿ ಪತ್ರ ಎಲ್ಲ ಮುಂದಿಟ್ಟುಕೊಂಡು ನಂಬರು ತಾಳೆ ನೋಡಿದೆವು. ಆಮೇಲೆ ಯಜಮಾನರು ಡಬ್ಬಿ ತೆರೆದು ಹಳದಿ ಬಟ್ಟೆಯ ಗಂಟು ಬಿಚ್ಚಿದರು. ಇಷ್ಟೇ ಇಷ್ಟು ಇತ್ತು. ಅಂಗೈಗಿಂತ ಒಂದಿಷ್ಟು ಉದ್ದ, ಮೊಂಡು ನಳಿಗೆ, ಅವರ ಬೆರಳಿಗೆ ಸವೆದು ನುಣುಪಾದ ಮರದ ಹಿಡಿ. ಗುಂಡಿನ ಉರುಳೆಯನ್ನು ಹೊರಕ್ಕೆ ತೆಗೆದು ಕಿಟಕಿಯ ಬೆಳಕಿಗೆ ಹಿಡಿದರು. ಆರು ತೂತಿನಲ್ಲೂ ಬೆಳಕು ಕಂಡಿತು. ಉರುಳೆ ತಿರುಗಿಸಿದಾಗ ಬಂದ ಟಿಕ್ ಟಿಕ್ ಸದ್ದಿಗೆ ನನ್ನ ಎದೆ ಡವಡವ ಹೊಡೆದುಕೊಂಡಿತು. ಹೊಸ ಬಳೆ ಇಟ್ಟುಕೊಂಡಾಗ ಆಗುವಂಥ ಸಂತೋಷ, ಅದಕ್ಕಿಂತ ಹೆಚ್ಚೇ. ಐವತ್ತು ದಾಟಿದ ಹೆಂಗಸು ಹೀಗೆ ಹಲ್ಲು ಕಿರಿಯುತ್ತ ಕೂರಬಾರದು ಅಂತ ಗೊತ್ತಿದ್ದರೂ ಬಾಯಿ ಮುಚ್ಚಲಾಗಲಿಲ್ಲ.

ಅಷ್ಟರಲ್ಲಿ ಅವರ ಹೆಂಡತಿ ಒಳಗಿನಿಂದ ಮೊರದಲ್ಲಿ ಅಕ್ಕಿ, ತೆಂಗಿನಕಾಯಿ, ಕುಪ್ಪಸದ ಖಣ, ಉತ್ತತ್ತಿ, ಅರಿಷಿಣ ಬೇರು ಇಟ್ಟುಕೊಂಡು ಬಂದರು. ಮನೆಮಗಳು ಅತ್ತೆ ಮನೆಗೆ ಹೊರಟಾಗ ಉಡಿ ತುಂಬಲು ತರುವ ಸಾಮಾನು ಅದು. ನಾನು ಗಾಬರಿಯಾಗಿ ಎದ್ದು ಹಿಂದೆ ಸರಿದೆ.

"ನನಗ ನಡಿಯಂಗಿಲ್ರಿ, ಅವ್ವಾರ. ನಮ್ಮ ಮನಿಯವರು ಹೋಗ್ಯಾರ."

"ಉಡಿ ನಿನಗಲ್ಲವ್ವಾ, ಈಕಿಗಿ. ಮೂವತ್ತ ವರ್ಷ ನಮ್ಮನ್ಯಾಗ ಇದ್ದ ಹೊಂಟಾಳ. ಬರಿಗೈಲೆ ಹೆಂಗ ಕಳಸೂದು? ಆಕಿಗಿ ಸೆರಗಿಲ್ಲ, ನಿನ್ನ ಸೆರಗ ಒಡ್ಡು."

ಒಡ್ಡಿದೆ. ಐದು ಸಲ ಅಕ್ಕಿ ಬಿತ್ತು, ಮೇಲೆ ತೆಂಗಿನಕಾಯಿ, ಅದರ ಪಕ್ಕದಲ್ಲಿ ಬಟ್ಟೆ ಸುತ್ತಿದ ರಿವಾಲ್ವರ್. ಗಂಡ ಹೋದ ಮೇಲೆ ನನ್ನ ಸೆರಗಿನಲ್ಲಿ ಯಾರೂ ಒಂದು ಕಾಳು ಅಕ್ಕಿ ಹಾಕಿರಲಿಲ್ಲ. ನಾನು ಅತ್ತುಬಿಟ್ಟೆ. ಆಕೆಯೂ ಅತ್ತರು, ಆದರೆ ಆಕೆ ಅತ್ತದ್ದು ರಿವಾಲ್ವರಿಗಾಗಿಯೇ ಇರಬೇಕು. ಯಜಮಾನರು ಮಾತ್ರ, ಗಾಡಿಯಲ್ಲಿ ಡಬ್ಬಿಗೆ ಬೀಗ ಹಾಕಿಡ್ರಿ ಎಂದು ಮೂರು ಸಲ ಹೇಳಿದರು.

ಅಥಣಿ ದಾಟಿ ಐಗಳಿ ಮುಟ್ಟುವವರೆಗೆ ನಾನು ಹಾಡಿಕೊಂಡು ಜೀಪು ಓಡಿಸಿದೆ. ಆ ಅಕ್ಕಿಯಿಂದ ಮರುದಿನ ಹುಗ್ಗಿ ಮಾಡಿ ಓಣಿಗೆಲ್ಲ ಹಂಚಿದೆ. ಹುಗ್ಗಿ ಯಾವ ಸಂತೋಷಕ್ಕೆ ಎಂದು ಕೇಳಿದವರಿಗೆ ಹೇಳಿದೆ. ಸಂಜೆಯಾಗುವುದರಲ್ಲಿ ಸುದ್ದಿ ಉಪ್ಪು ಖಾರ ಹಚ್ಚಿಕೊಂಡು ತೆಲಸಂಗದವರೆಗೆ ಹೋಗಿತ್ತು. ನನಗೆ ಪಿಸ್ತೂಲ ಅಕ್ಕಾರು ಎಂದು ಹೆಸರು ಬಿತ್ತು. ಅದು ಪಿಸ್ತೂಲಲ್ಲ, ರಿವಾಲ್ವರ್ ಎಂದು ತಿದ್ದಿ ತಿದ್ದಿ ಸಾಕಾಯಿತು.

ಹೊಲಕ್ಕೆ ಹೋಗುವಾಗ ನಮ್ಮ ಕಡೆ ಹೆಂಗಸರು ಸೀರೆಯ ಮೇಲೆ ಗಂಡಸರ ಅಂಗಿ ತೊಡುತ್ತೇವೆ. ಗಂಡನ ತುಂಬು ತೋಳಿನ ಅಂಗಿಯ ಒಳಗೆ ಸೊಂಟಕ್ಕೆ ಬೆಲ್ಟು ಕಟ್ಟಿ ಅದರಲ್ಲಿ ಈಕೆಯನ್ನು ಸಿಕ್ಕಿಸಿಕೊಂಡರೆ ನನ್ನ ನಡಿಗೆಯೇ ಬದಲಾಗುತ್ತಿತ್ತು. ಮೊದಲ ವರ್ಷ ದಸರೆಯಲ್ಲಿ ಆಯುಧಗಳಿಗೆ ಮಾಡುವ ಖಂಡೇ ಪೂಜೆಯ ದಿನ ಭಕ್ತಿ ಹೆಚ್ಚಾಗಿ ಅರಿಷಿಣ ಕುಂಕುಮ ಬಳಿದುಬಿಟ್ಟೆ. ಸಂದಿಯಲ್ಲಿ ಸೇರಿದ ಕುಂಕುಮವನ್ನು ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆಯಲು ಅರ್ಧ ದಿನ ಬೇಕಾಯಿತು. ನನ್ನ ತವರು ಮಹಾರಾಷ್ಟ್ರದ ಮಿರಜ, ಲೈಸೆನ್ಸ್ ಮಾತ್ರ ಕರ್ನಾಟಕದ್ದು. ಹಾಗಾಗಿ ಗಡಿಯ ಕಾಗವಾಡ ದಾಟುವ ದಿನ ಈಕೆಯನ್ನು ಕಪಾಟಿನಲ್ಲಿಟ್ಟು ಕೀಲಿ ಹಾಕಿ ಹೋಗುತ್ತಿದ್ದೆ, ತವರಿನಲ್ಲಿ ಕೂತು ಈಕೆಯದೇ ಕಥೆ ಹೇಳುತ್ತಿದ್ದೆ. ಎರಡು ಸುಗ್ಗಿ ನಾನೇ ಶೆಡ್ಡು ಕಾದೆ. ಸೊಂಟದಿಂದ ಒಮ್ಮೆಯೂ ತೆಗೆಯುವ ಪ್ರಸಂಗ ಬರಲಿಲ್ಲ. ಮೈದುನನೂ ಎರಡು ವರ್ಷ ಪತ್ರ ತರಲಿಲ್ಲ.

ಮೂರನೆಯ ಸುಗ್ಗಿಯಲ್ಲಿ ಚುನಾವಣೆ ಬಂತು. ಲೈಸೆನ್ಸ್ ಇದ್ದವರೆಲ್ಲ ಆಯುಧವನ್ನು ಠಾಣೆಗೆ ತಂದು ಜಮಾ ಮಾಡಬೇಕು ಎಂದು ಹುಕುಂ ಆಯಿತು. ಬಲೆಗಳ ಮೇಲೆ ಹಣ್ಣು ಹರಡಿ ಆಗ ಇನ್ನೂ ನಾಲ್ಕು ದಿನವಾಗಿತ್ತು. ಯಾವ ದಿನಗಳಿಗಾಗಿ ತಂದಿದ್ದೆನೋ ಅದೇ ದಿನಗಳಲ್ಲಿ ಕೊಟ್ಟು ಬರಬೇಕು. ನನಗೆ ಬಂದ ಸಿಟ್ಟು ಒಂದು ಕಪ್ ಚಹಾಕ್ಕೆ ಇಳಿಯುವಂಥದ್ದಾಗಿರಲಿಲ್ಲ.

ಠಾಣೆಯ ಮುಂದೆ ಹಳೆಯ ಧೋತರದಲ್ಲಿ ಜೋಡು ನಳಿಗೆಯ ಬಂದೂಕು ಸುತ್ತಿಕೊಂಡು ಸಾಲಾಗಿ ನಿಂತ ಗಂಡಸರ ನಡುವೆ ನಾನೊಬ್ಬಳೇ ಹೆಂಗಸು. ನನ್ನ ಸರದಿ ಬಂದಾಗ ಪುಟ್ಟ ಡಬ್ಬಿ ತೆರೆದೆ. ಸಾಲಿಗೆ ಸಾಲೇ ಕತ್ತು ಚಾಚಿ ನೋಡಿತು. ಒಳಗೊಳಗೆ ಹಿಗ್ಗಿದೆ, ಸುಳ್ಳು ಹೇಳುವುದಿಲ್ಲ.

"ಎಷ್ಟ ದಿನ್ರೀ ಸಾಹೇಬ್ರ?"

"ಎಣಿಕಿ ಮುಗಿದು ಹುಕುಂ ಬರೂತನಾ ರೀ" ಎಂದು ಪೊಲೀಸರು ಡಬ್ಬಿಗೆ ನಂಬರಿನ ಚೀಟಿ ಕಟ್ಟಿದರು.

"ಶೆಡ್ಡಿನ್ಯಾಗ ಮಾಲ ಐತ್ರಿ. ನಾ ಒಬ್ಬಾಕಿ ಅದೀನಿ."

"ಕಾಯ್ದೆ ಎಲ್ಲಾರಿಗೂ ಒಂದ ರೀ, ಅಕ್ಕಾರ" ಎಂದು ರಸೀದಿ ಕೈಗಿಟ್ಟರು.

ಸೊಂಟ ಹಗುರಾಗಿ ಹೆಜ್ಜೆ ತಪ್ಪಿದಂತಾಗುತ್ತಿತ್ತು. ಆದರೂ ನೇರ ಶೆಡ್ಡಿಗೇ ಹೋದೆ, ಹಣ್ಣು ಬಿಟ್ಟು ಎಲ್ಲಿಗೆ ಹೋಗಲಿ? ಮೊದಲ ರಾತ್ರಿ ಅಂಜಿದೆ. ಮರುದಿನ ಅಷ್ಟು ಅಂಜಲಿಲ್ಲ. ಎರಡು ಸುಗ್ಗಿ ಅಲ್ಲಿ ಮಲಗಿದ್ದರಿಂದ ಶೆಡ್ಡಿಗೆ ಹೊದಿಸಿದ ತಾಡಪತ್ರಿ ಗಾಳಿಗೆ ಬಡಿಯುವ ಸದ್ದು ಯಾವುದು, ನಾಯಿ ಸುಮ್ಮನೆ ಬೊಗಳುವುದು ಯಾವಾಗ, ಮನುಷ್ಯರನ್ನು ಕಂಡು ಬೊಗಳುವುದು ಯಾವಾಗ ಎಲ್ಲ ಗುರುತಾಗಿತ್ತು. ಐದನೆಯ ದಿನ ಬಲೆಗಳ ನಡುವೆ ಹಣ್ಣು ಮುಟ್ಟಿ ನೋಡುತ್ತಿರುವಾಗ ಮಟಮಟ ಮಧ್ಯಾಹ್ನ ಮೈದುನ ಬಂದ. ಅಂಗಿಯ ಕಿಸೆಯಲ್ಲಿ ಮಡಚಿದ ಲಾವಣಿ ಪತ್ರ ಇಣುಕುತ್ತಿತ್ತು.

"ವೈನಿ, ಅದು ಠಾಣ್ಯಾಗ ಐತಂತಲ್ರಿ?"

ನಾನು ಈ ಮನೆಗೆ ಬಂದಾಗ ಇವನು ಶಾಲೆಗೆ ಹೋಗುತ್ತಿದ್ದ. ಇವನ ಜಾಣತನವೆಲ್ಲ ನನಗೆ ಗೊತ್ತು. ಅಂಜಿಕೆಯಾಗಲಿಲ್ಲ ಎಂದು ನನಗೇ ಆಶ್ಚರ್ಯವಾಯಿತು.

"ಹೌದಪ್ಪಾ, ಅದು ಠಾಣ್ಯಾಗ ಐತಿ. ನಾ ಇಲ್ಲೇ ಅದೀನಿ."

ಬಲೆಯಿಂದ ಒಂದು ಹಣ್ಣು ತೆಗೆದು ಬಾಯಿಗೆ ಹಾಕಿಕೊಂಡ. ಇನ್ನೊಂದು ವಾರ ಬೇಕು ಅಂದ. ಎಂಟು ದಿನ ಎಂದೆ. ಪತ್ರ ಕಿಸೆಯಲ್ಲೇ ಉಳಿಯಿತು. ಹೊರಡುವಾಗ ತಿರುಗಿ ನಿಂತು ಕೇಳಿದ.

"ಚುನಾವಣಿ ಮುಗದ ಮ್ಯಾಲ ಅದನ್ನ ಬಿಡಿಸ್ಕೊಂಡ ಬರಾಕ ನಾನೂ ಬರ್ಲ್ಯಾ, ವೈನಿ?"

"ಬ್ಯಾಡ. ನಾ ಒಬ್ಬಾಕಿನ ಹೋಗಿ ಬರ್ತೀನಿ. ಹಣ್ಣ ಇಳಿಸಿದ್ರೂ ಪೆಟಗಿ ಎಲ್ಲಾ ಇಲ್ಲೇ ಇರ್ತಾವು. ಅವತ್ತೊಂದಿನ ನೀ ಶೆಡ್ ಕಾಯಿ."

ನಾನು ಠಾಣೆಗೆ ಹೊರಡುವ ದಿನ ಬೆಳಿಗ್ಗೆ ಏಳಕ್ಕೇ ಬಂದ, ಬುತ್ತಿ ಕಟ್ಟಿಸಿಕೊಂಡು.